ನಿರ್ದೇಶಕರ ಫೋಟೊಗೊಂದು ಮೊಳೆ

ಅವತ್ತಿನ ಅನಾಹುತಕ್ಕೆಲ್ಲ ಮ್ಯಾನೇಜರ್ ಸಾಹೇಬರ ಭಕ್ತಿಯೇ ಮೂಲ. ಮುಖ್ಯ ಕಚೇರಿಯ ನಿರ್ದೇಶಕರು ಮಧ್ಯಾಹ್ನ ವಿಡಿಯೊದಲ್ಲಿ ಸಭೆ ನಡೆಸುವವರಿದ್ದರು. ಪರದೆಯ ಮೇಲೆ ಬರುವವರು ಗೋಡೆಯ ಮೇಲೂ ಇರಲಿ ಎಂದು ಮ್ಯಾನೇಜರ್ ಬೆಳಿಗ್ಗೆಯೇ ಬಡಗಿಯನ್ನು ಕರೆಸಿ, ಐದನೇ ಮಹಡಿಯ ಸಭಾಂಗಣದಲ್ಲಿ ಅವರ ಫೋಟೊಗೆ ಮೊಳೆ ಹೊಡೆಸಿದರು. ಗೋಡೆಯೊಳಗೆ ಇಂಟರ್‌ನೆಟ್ ಕೇಬಲ್ ಇತ್ತು. ಮೊಳೆ ಹುಡುಕಿಕೊಂಡು ಹೋದಂತೆ ನೇರ ಅದಕ್ಕೇ ನಾಟಿತು. ಮೇಲಿನ ಮಹಡಿಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಸತ್ತವು. ಫೋಟೊ ಮಾತ್ರ ಒಂದಿಷ್ಟೂ ವಾಲದೆ ನಿಂತಿತು.

"ಟೆಂಪರರೀನ ಕರೀರಿ!" ಎಂದು ಮ್ಯಾನೇಜರ್ ಕಿರುಚಿದರು.

ಟೆಂಪರರಿ ಎಂದರೆ ಆ ಕಚೇರಿಯ ವೈರು, ಕಂಪ್ಯೂಟರು ಎಲ್ಲವನ್ನೂ ನೋಡಿಕೊಳ್ಳುವವನು. ತಾತ್ಕಾಲಿಕ ನೌಕರನಾಗಿ ಸೇರಿ, ತಲೆ ನರೆತರೂ ತಾತ್ಕಾಲಿಕನಾಗಿಯೇ ಉಳಿದದ್ದರಿಂದ ಹುದ್ದೆಯೇ ಹೆಸರಾಗಿಬಿಟ್ಟಿತ್ತು. ಮನೆಗೆ ಯಾರಾದರೂ ಬಂದರೆ ಅವನ ಅತ್ತೆ, "ನಮ್ಮ ಅಳಿಯಂದಿರು, ಇನ್ನೂ ಖಾಯಂ ಆಗಿಲ್ಲ" ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಮಗಳನ್ನು ಕೊಟ್ಟದ್ದೂ ಸದ್ಯಕ್ಕೆ ಮಾತ್ರ ಎಂಬಂತಿರುತ್ತಿತ್ತು ಆ ದನಿ.

"ನೋಡಯ್ಯಾ," ಎಂದರು ಮ್ಯಾನೇಜರ್, "ಗೋಡೆ ಒಡೆಯೋಕೆ ಟೈಮಿಲ್ಲ. ಇವತ್ತಿನ ಮಟ್ಟಿಗೆ ವೈರಿಲ್ಲದೆ ಏನಾದ್ರೂ ಮಾಡು. ನಿನ್ನ ಖಾಯಂ ಮಾಡಿ ಅಂತ ನಾನೇ ಮೇಲಕ್ಕೆ ಬರೆದಿದ್ದೀನಿ. ಇವತ್ತಿನ ಸಭೇಲೇ ನಿರ್ದೇಶಕರು ಅದನ್ನ ಹೇಳ್ತಾರೆ. ಲೈನ್ ಉಳಿದ್ರೆ ನೀನೂ ಉಳಿದೆ ಅಂತ ತಿಳ್ಕೊ."

ಟೆಂಪರರಿಗೆ ರೆಕ್ಕೆ ಬಂತು. ಮೂರು ವೈಫೈ ಡಬ್ಬಿಗಳನ್ನು ಹೊಂದಿಸಿದ. ಲೈನು ಬರುವ ನೆಲಮಹಡಿಯಲ್ಲಿ ಒಂದು, ಸಭಾಂಗಣದಲ್ಲಿ ಒಂದು, ನಡುವೆ ಸಿಗ್ನಲ್ ದಾಟಿಸಲು ಲೆಕ್ಕಪತ್ರ ವಿಭಾಗದ ಕಿಟಕಿಯಲ್ಲಿ ಇನ್ನೊಂದು. ಮೇಲೆ ಹೋಗಿ ನೋಡಿದರೆ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಮ್ಯಾನೇಜರನ್ನು ಕರೆದು ತೋರಿಸುವಷ್ಟರಲ್ಲಿ ಮಾಯ!

ಕೆಳಗೆ ಓಡಿದ. ಕಿಟಕಿ ಖಾಲಿ.

"ಅಕ್ಕಾ, ಇಲ್ಲಿದ್ದ ಡಬ್ಬಿ?"

ಲೆಕ್ಕಪತ್ರದ ಅಕ್ಕ ತಲೆ ಎತ್ತಲಿಲ್ಲ. "ಬೀರೂಲಿಟ್ಟು ಬೀಗ ಹಾಕಿದ್ದೀನಿ. ಅಷ್ಟು ಬೆಲೆಬಾಳೋ ಸಾಮಾನು, ಕಿಟಕೀಲಿಡ್ತಾರೇನೋ? ವೈರೂ ಕಿತ್ತು ನೀಟಾಗಿ ಸುತ್ತಿಟ್ಟಿದ್ದೀನಿ."

"ಅದು ಕಬ್ಬಿಣದ ಬೀರು ಅಕ್ಕಾ. ಸಿಗ್ನಲ್ ಹೊರಗೆ ಬರೋದು ಬೇಡ್ವಾ?"

"ಬರ್ಲಿ ಬಿಡು, ಯಾರು ಬೇಡ ಅಂದ್ರು? ಊಟ ಆದ್ಮೇಲೆ ಬೀಗ ತೆಗೀತೀನಿ."

ಕೈಮುಗಿದು ಬೀಗ ತೆಗೆಸಿದ. ಈ ಸಲ ಯಾರೂ ಕೂರದ ಜಾಗವೇ ಕ್ಷೇಮವೆಂದು ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿಟ್ಟ. ಮೇಲೆ ತಲುಪುವುದರೊಳಗೆ ಅದೂ ಆರಿತ್ತು. ಕೆಳಗೆ ಕಾವಲುಗಾರ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ.

"ಜನ ಇಲ್ಲದ ಕಡೆ ಸ್ವಿಚ್ ಆನ್ ಇರ್ಬಾರ್ದು ಅಂತ ಆರ್ಡರ್," ಎಂದ.

"ಹಾಗಾದ್ರೆ ನೀನೇ ಇಲ್ಲಿ ಕೂತ್ಕೋ ಮಾರಾಯ! ಆಗ ಜನ ಇದ್ದಂಗಾಯ್ತಲ್ಲ."

ಕಾವಲುಗಾರನಿಗೆ ಅದು ಒಪ್ಪಿಗೆಯಾಯಿತು. ಮೆಟ್ಟಿಲ ಮೇಲೆ ಕೂತು, ಹೊಸ ವೈಫೈಗೆ ತನ್ನ ಮೊಬೈಲನ್ನೂ ಸೇರಿಸಿ, ಎಲ್ಲರಿಗೂ ಬಂದಿದ್ದ ಸಭೆಯ ಲಿಂಕ್ ತೆರೆದುಕೊಂಡ.

ಸಭೆ ಶುರುವಾಯಿತು. ನಿರ್ದೇಶಕರು ಬಂದರು, ಹೋದರು, ಅರ್ಧ ಬಂದರು. ಡಬ್ಬಿ ನೆಲದ ಮೇಲಿದ್ದರೆ ಅವರ ಹಣೆ ಮಾತ್ರ, ತಲೆಯ ಮೇಲೆ ಎತ್ತಿ ಹಿಡಿದರೆ ಪೂರ್ತಿ ಮುಖ. ಕೂಲಿಗಾಗಿ ಇನ್ನೂ ಕಾಯುತ್ತಿದ್ದ ಬಡಗಿಯನ್ನು ಟೆಂಪರರಿ ಕೂಗಿದ. "ಇಲ್ಲೊಂದು ಮೊಳೆ ಹೊಡಿ!"

"ಇನ್ನೊಂದು ಮೊಳೆ ಹೊಡೆದ್ರೆ ಕೈ ಮುರೀತೀನಿ ಅಂದಿದ್ದಾರೆ ಮ್ಯಾನೇಜರು," ಎಂದು ಬಡಗಿ ಸುತ್ತಿಗೆಯನ್ನು ಚೀಲಕ್ಕೆ ಸೇರಿಸಿದ.

ಮೇಲಿನಿಂದ ಮ್ಯಾನೇಜರ್ ಬಗ್ಗಿ, "ಹಾಗೇ ಹಿಡ್ಕೊಂಡಿರು, ಅಲ್ಲಾಡ್ಬೇಡ!" ಎಂದರು.

ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಎತ್ತಿ ನಿಂತ. ಹೋಗಿಬರುವವರು ಅವನ ಕಂಕುಳ ಕೆಳಗೆ ನುಸುಳಿ ಹೋದರು. ಲೆಕ್ಕಪತ್ರದ ಅಕ್ಕ ಬಂದು, "ನಮ್ಮ ಬೀರೂಲೇ ಸುಖವಾಗಿತ್ತಲ್ಲೋ" ಎಂದು ಕನಿಕರಿಸಿದಳು. ಕಾವಲುಗಾರನ ಮೊಬೈಲಿನಲ್ಲಿ ನಿರ್ದೇಶಕರು ಸಮಯಪಾಲನೆ, ಶೌಚಾಲಯದ ಸ್ವಚ್ಛತೆ ಎಲ್ಲ ಮುಗಿಸುವ ಹೊತ್ತಿಗೆ ಟೆಂಪರರಿಯ ತೋಳುಗಳು ಅವನವಲ್ಲವಾಗಿದ್ದವು. ಆದರೂ ಇಳಿಸಲಿಲ್ಲ. ಸಂಜೆ ಅತ್ತೆಯ ಎದುರು ಆಡಬೇಕಾದ ಒಂದೇ ಒಂದು ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ.

"ಇನ್ನು ತಾತ್ಕಾಲಿಕ ನೌಕರರ ವಿಷಯ," ಎಂದಿತು ಮೊಬೈಲು.

"ಬಂತು, ಬಂತು! ನಿಂದೇ," ಎಂದು ಕಾವಲುಗಾರ ಸದ್ದು ಹೆಚ್ಚಿಸಿದ.

"ಎಲ್ಲ ಶಾಖೆಗಳ ತಾತ್ಕಾಲಿಕ ನೌಕರರನ್ನೂ ಈ ತಿಂಗಳ ಕೊನೆಗೆ ಕೆಲಸದಿಂದ ತೆಗೀಬೇಕು ಅಂತ ತೀರ್ಮಾನ ಆಗಿದೆ."

ಇಷ್ಟು ವರ್ಷ ದುಡಿಸಿಕೊಂಡು, ಕೊನೆಗೆ ತನ್ನನ್ನು ಓಡಿಸುವ ಮಾತನ್ನೂ ತನ್ನ ಕೈಯಲ್ಲೇ ಹೊರಿಸಿದರಲ್ಲ! ಟೆಂಪರರಿ ಕೈ ಇಳಿಸಿಬಿಟ್ಟ. ಡಬ್ಬಿಯನ್ನು ನೆಲಕ್ಕೆ ಕುಕ್ಕಿ, ಮೆಟ್ಟಿಲ ಮೇಲೆ ಕುಸಿದು ಕುಳಿತ. ಮೊಬೈಲಿನಲ್ಲಿ ನಿರ್ದೇಶಕರು "ಆದ್ರೆ" ಎಂದವರು ಬಾಯಿ ತೆರೆದಂತೆಯೇ ನಿಂತುಹೋದರು. ಮೇಲೆ ಹುಯಿಲೆದ್ದಿತು. ಮತ್ತೆ ಲೈನು ಹತ್ತುವಷ್ಟರಲ್ಲಿ ಅವರು ಇನ್ನೊಂದು ಸಭೆಗೆ ಎದ್ದು ಹೋಗಿದ್ದರು.

ಸಂಜೆ ಮುಖ್ಯ ಕಚೇರಿಯಿಂದ ಫೋನು ಬಂತು. ಮಾತು ಮುಗಿಸಿ ಮ್ಯಾನೇಜರ್ ಮೆಟ್ಟಿಲಿಳಿದು ಬಂದರು. ಬೈಯುವುದಕ್ಕೂ ಅವರಿಗೆ ಮನಸ್ಸು ಬರಲಿಲ್ಲ.

"ಆದ್ರೆ ನಮ್ಮ ಶಾಖೆಯ ಒಬ್ಬನನ್ನ ಮಾತ್ರ ಖಾಯಂ ಮಾಡ್ತಿದ್ದೀವಿ ಅಂತ ಹೇಳೋಕೆ ಹೊರಟಿದ್ರಂತೆ ಕಣಯ್ಯಾ. ಅಷ್ಟರಲ್ಲಿ ಲೈನ್ ಹೋಯ್ತು. ಒಂದು ಸಭೆ ಮುಗಿಯೋವರೆಗೂ ಲೈನ್ ಉಳಿಸೋಕಾಗದವನು ಖಾಯಂ ಆಗಿ ಏನು ಮಾಡ್ತಾನೆ ಅಂತ ನಿನ್ನ ಹೆಸರೂ ತೆಗೆಸಿಬಿಟ್ರು."

ಟೆಂಪರರಿ ತಾನು ಇಳಿಸಿಬಿಟ್ಟಿದ್ದ ಎರಡೂ ಕೈಗಳನ್ನು ನೋಡಿಕೊಂಡ.

"ಹೋಗ್ಲಿ," ಎಂದರು ಮ್ಯಾನೇಜರ್, ಮೆಟ್ಟಿಲ ಪಕ್ಕದ ಗೋಡೆಯನ್ನು ನೋಡುತ್ತ. "ಚಿತ್ರ ಮಾತ್ರ ಚೆನ್ನಾಗೇ ಬರ್ತಿತ್ತು. ಮೇಲೆ ಗೋಡೆ ಒಡೆಯೋದೆಲ್ಲ ಯಾಕೆ, ಈ ಡಬ್ಬೀನೇ ಖಾಯಂ ಮಾಡಿಬಿಡೋಣ. ಬಡಗೀ, ಬಾರಪ್ಪ, ಇಲ್ಲೊಂದು ಮೊಳೆ ಹೊಡಿ. ಏ, ನೀನು ಎಲ್ಲಿ ಹಿಡಿದಿದ್ದೆ? ಸ್ವಲ್ಪ ಎತ್ತಿ ತೋರ್ಸು."

ಟೆಂಪರರಿ ಡಬ್ಬಿಯನ್ನು ಎತ್ತಿಕೊಂಡು ಮತ್ತೆ ಎರಡೂ ಕೈ ಮೇಲೆ ಮಾಡಿದ. ಬಡಗಿ ಆ ಕೈಗಳ ನಡುವೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡ.