ಪಿನ್ನುಗಳ ಪಂಗತಿ

ಸೂರ್ಯ ಚಂದ್ರರೂ ನಿಯಮಕ್ಕೆ ತಲೆಬಾಗಿ ನಡೆಯುತ್ತಾರೆ. ನಮ್ಮ ಸೋದರಮಾವ ನಡೆಯುವುದಿಲ್ಲ!

ವಿಜಯಪುರದಲ್ಲಿ, ಬಬಲೇಶ್ವರ ರಸ್ತೆಯ ಮಗ್ಗುಲಿಗೆ, ಅವನದೊಂದು ರೆಕಾರ್ಡಿಂಗ್ ಸ್ಟುಡಿಯೊ ಇದೆ. ಎಂಟು ಮೈಕುಗಳ ದನಿಯನ್ನು ಮಿಕ್ಸರಿನಿಂದ ರೆಕಾರ್ಡರಿಗೆ ಒಯ್ಯುವುದು ಒಂದೇ ದಪ್ಪ ಕೇಬಲ್. ಅದರ ತುದಿಗೆ ಇಪ್ಪತ್ತೈದು ಪಿನ್ನಿನ ಕನೆಕ್ಟರು. ಯಾವ ತಂತಿ ಯಾವ ಪಿನ್ನಿಗೆ ಎಂದು ಕಂಪನಿಯವರು ನಕ್ಷೆ ಕೊಟ್ಟಿರುತ್ತಾರೆ. ಆ ನಕ್ಷೆಯಲ್ಲಿ ಒಂದನೇ ಚಾನೆಲ್ಲು ಹೋಗಿ ಕೂರುವುದು ಇಪ್ಪತ್ನಾಲ್ಕನೇ ಪಿನ್ನಿಗೆ. ಮಾಮಾ ಕೆರಳಿದ್ದು ಇಲ್ಲಿಯೇ.

“ಪಂಗತ್ಯಾಗ ಹಿರಿಯಾರನ್ನ ಬಾಗಲದಾಗ, ಚಪ್ಲಿ ಬಾಜೂಕ ಕುಂದರಸ್ತಾರೇನ್ಲೇ?” ಎಂದು ನನ್ನ ಮೇಲೆ ಹರಿಹಾಯ್ದ. “ಒಂದನೇ ಚಾನೆಲ್ಲು ಒಂದನೇ ಪಿನ್ನಿಗೇ!”

ಮಿಕ್ಸರ್, ಕೇಬಲ್, ರೆಕಾರ್ಡರ್ ಮೂರನ್ನೂ ಬಿಚ್ಚಿ, ಹಿರಿತನ ನೋಡಿ ತಂತಿ ಬೆಸೆದು, ತನ್ನ ಮತಕ್ಕೆ ಸೇರಿಸಿಕೊಂಡ. ಆಶ್ಚರ್ಯವೆಂದರೆ ಅದು ನಡೆಯುತ್ತಿತ್ತು! ಹೊರಗಿನ ಯಂತ್ರಕ್ಕೆ ಮಾತ್ರ ಪ್ರವೇಶವಿರಲಿಲ್ಲ. ಸಾರವಾಡದ ಭಜನಿ ಮಂದಿ ಒಮ್ಮೆ ತಮ್ಮದೇ ಮಿಕ್ಸರ್ ತಂದು ಜೋಡಿಸಿದಾಗ ಬಂದದ್ದು ‘ಗುಂಯ್’ ಎಂಬ ಸದ್ದೊಂದೇ.

“ತಂಬೂರಿ ಭಾಳ ಚಲೋ ಬಂದೈತ್ರಿ,” ಎಂದರು ಅವರಲ್ಲಿನ ಹಿರಿಯರು.

ತಂಬೂರಿ ಇನ್ನೂ ಚೀಲದಲ್ಲೇ ಇತ್ತು.

ಈ ವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದ ಮೇಲೆ ದನಿ ಉಳಿಯುವ ಭರವಸೆ ಇಲ್ಲವೆಂದರು ಡಾಕ್ಟರು. ಅವ್ವ ಮಾಮಾನ ಒಡಹುಟ್ಟಿದ ಅಕ್ಕ. ತಿಕೋಟಾದ ಕಡೆ ಸೋಬಾನ ಪದ ಎತ್ತುವವಳು ಅವಳೇ. ಆಪರೇಷನ್ನಿಗೆ ಮುಂಚೆಯೇ ಅವಳ ಪದಗಳನ್ನು ರೆಕಾರ್ಡ್ ಮಾಡಿಡಲು ಮಾಮಾ ಹೊರಟ. ಗೆಳತಿಯರಿಲ್ಲದೆ ಅವಳು ಬಾಯಿ ತೆರೆಯುವುದಿಲ್ಲ. ಮಾಮಾನಿಗೋ ಅವಳ ದನಿ ಬೇರೆಯಾಗಿಯೇ ಬೇಕು. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಮೈಕು. ಹಳೆಯ ರೆಕಾರ್ಡರ್ ಕೈಕೊಟ್ಟದ್ದೂ ಆಗಲೇ! ಬಾಡಿಗೆಗೆ ತಂದದ್ದು ಕಂಪನಿಯ ಮತದ್ದು, ಬಿಚ್ಚುವಂತಿಲ್ಲ.

ಹೆಂಗಸರು ಕುಳಿತರು. ಪದ ಎತ್ತಿದರು. ಗುಂಯ್!

“ತಮ್ಮಾ, ನಾಳಿ ನಾ ದವಾಖಾನಿಗಿ ಹೋಗಾಕಿ,” ಎಂದಳು ಅವ್ವ. “ನಿನ್ನ ಪಂಗತಿಗಿ ಎಲಿ ಹಾಕೂದು ಯಾವಾಗೋ?”

ಮಾಮಾ ಇಕ್ಕಳ ಎತ್ತಿಕೊಂಡ. ರೆಕಾರ್ಡರಿನ ಕಡೆಗಿದ್ದ ಕೇಬಲ್ ತುದಿಯನ್ನು ಕತ್ತರಿಸಿದ. ಕಂಪನಿಯ ನಕ್ಷೆಯನ್ನು ತೊಡೆಯ ಮೇಲೆ ಹರವಿಕೊಂಡು ಒಂದೊಂದೇ ತಂತಿ ಬೆಸೆಯತೊಡಗಿದ. ಒಂದನೇ ಚಾನೆಲ್ಲು, ಎಂದರೆ ಅವ್ವನ ಮೈಕಿನ ತಂತಿ ಕೈಗೆ ಬಂದಾಗ ತುಸು ತಡೆದ.

“ಅಕ್ಕಾ, ನಿನ್ನ ಬಾಗಲದಾಗ ಕುಂದರಸಾಕತ್ತೇನಿ. ಸಿಟ್ಟಾಗಬ್ಯಾಡ.”

“ಕುಂದರಸೋ ಯಪ್ಪಾ. ಅಲ್ಲಿ ಗಾಳಿಯರ ಬರ್ತೈತಿ.”

ಸಂಜೆಯವರೆಗೆ ಹಾಡಿದರು.

ಆಪರೇಷನ್ ಆಯಿತು. ಅವ್ವ ಈಗ ಕೈಸನ್ನೆಯಲ್ಲಿ ಬೈಯುತ್ತಾಳೆ. ಮಾಮಾನ ಸ್ಟುಡಿಯೊದಲ್ಲಿ ಒಂದನೇ ಚಾನೆಲ್ಲು ಇಪ್ಪತ್ನಾಲ್ಕನೇ ಪಿನ್ನಿನಲ್ಲಿದೆ.