ಪತಿಯ ಹೆಸರಿರುವ ಸ್ನ್ಯಾಪ್‌ಶಾಟ್ ಅಳಿಸುವ ಮುನ್ನ ಒಡಪು ಹಾಕುವ ಕುರಿತು

ಕಥೆ, ಹಾಡು ಮತ್ತು ಒಗಟುಗಳ ಧ್ವನಿ ಸಂಗ್ರಹ ಘಟಕ, ಹುಕ್ಕೇರಿ
(ಇಲಾಖೆಯ ಹೆಸರನ್ನು ಆಡಳಿತಾತ್ಮಕ ಕಾರಣಗಳಿಂದ ನಮೂದಿಸಿಲ್ಲ)

ಸಂಖ್ಯೆ: ಕಹಾಒ/ಹುಕ್ಕೇರಿ/ಕೋಟಾ/17/2009-10
ದಿನಾಂಕ: 1-12-2009

ಸುತ್ತೋಲೆ

ವಿಷಯ: ಯಂತ್ರದ ಕೋಟಾ ತುಂಬಿರುವುದರಿಂದ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸುವ, ಒಂದನ್ನು ಅಳಿಸದಿರುವ ಹಾಗೂ ಎರಡೂ ಸಂದರ್ಭಗಳಲ್ಲಿ ಸಿಬ್ಬಂದಿಯ ಮನೆತನದ ಮರ್ಯಾದೆ ಕಾಯುವ ಬಗ್ಗೆ.

ಉಲ್ಲೇಖ: 1) ಗೋಕಾಕ ವೃತ್ತ ಕಚೇರಿಯ ಪತ್ರ, 30-11-2009ರ ಸಂಜೆ 5-30ರೊಳಗೆ ಕೋಟಾ ತೆರವು ಮಾಡುವಂತೆ.
2) ಸದರಿ ಪತ್ರ ತಲುಪಿತೇ ಎಂದು ಕೇಳಿದ ಪತ್ರ (ಇದು ಮೊದಲು ತಲುಪಿದೆ).
3) ಶ್ರೀಮತಿ ಸೀತಾಬಾಯಿಯವರು ಕಚೇರಿಯ ಮೆಟ್ಟಿಲ ಮೇಲೆ ಮೆಂತ್ಯದ ಸೊಪ್ಪಿನ ಚೀಲ ಹಿಡಿದು ನಿಂತು ನೀಡಿದ ಮೌಖಿಕ ಅಭಿಪ್ರಾಯ.

ಪ್ರಸ್ತಾವನೆ:

ಹಳ್ಳಿಗಳ ಹಿರಿಯರಿಂದ ಕಥೆ, ಹಾಡು, ಒಗಟುಗಳನ್ನು ಧ್ವನಿಮುದ್ರಿಸಿ ಕಾಪಾಡುವ ಸಲುವಾಗಿ ಈ ಘಟಕವನ್ನು ತೆರೆಯಲಾಗಿದ್ದು, ಅದಕ್ಕೆ ಒಂದು ಯಂತ್ರವನ್ನೂ ಯಂತ್ರಕ್ಕೆ ನಲವತ್ತು ಜಿಬಿ ಕೋಟಾವನ್ನೂ ಮಂಜೂರು ಮಾಡಲಾಗಿದೆ. ಮೌಸ್ ಮಂಜೂರಾಗಿಲ್ಲ. ಆದ್ದರಿಂದ ಸಕಲ ವ್ಯವಹಾರವನ್ನೂ ಕಪ್ಪು ಪರದೆಯ ಮೇಲೆ ಕಮಾಂಡು ಟೈಪು ಮಾಡಿಯೇ ನಡೆಸಲಾಗುತ್ತಿದೆ.

ಸ್ನ್ಯಾಪ್‌ಶಾಟ್ ಎಂದರೆ, ಒಂದು ಕ್ಷಣದಲ್ಲಿ ಕಡತಗಳು ಹೇಗಿದ್ದವೋ ಹಾಗೇ ಯಂತ್ರವು ನೆನಪಿಟ್ಟುಕೊಳ್ಳುವುದು. ತೆಗೆದಾಗ ಅದು ಜಾಗ ತಿನ್ನುವುದಿಲ್ಲ. ಮುಂದೆ ಕಡತವನ್ನು ಅಳಿಸಿದರೆ, ಅಳಿಸಿದ್ದೆಲ್ಲ ಸ್ನ್ಯಾಪ್‌ಶಾಟಿನ ಹೊಟ್ಟೆಯಲ್ಲಿ ಉಳಿದು ಜಾಗ ಖಾಲಿಯೇ ಆಗುವುದಿಲ್ಲ. ಸಿಬ್ಬಂದಿಗೆ ಸುಲಭವಾಗಿ ತಿಳಿಯಲೆಂದು: ರಾಕ್ಷಸನ ಕತ್ತು ಕಡಿದರೂ ಅವನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ. ಈ ಉದಾಹರಣೆಯನ್ನು ಗೋಕಾಕಿನ ತಾಂತ್ರಿಕ ಶಾಖೆಯು ಅನುಮೋದಿಸಿದ್ದು, ಸಮುದ್ರಗಳ ಸಂಖ್ಯೆಯನ್ನು ಮಾತ್ರ ಮಿತವ್ಯಯದ ದೃಷ್ಟಿಯಿಂದ ಮೂರಕ್ಕೆ ಇಳಿಸಿದೆ.

ಪ್ರತಿ ಸ್ನ್ಯಾಪ್‌ಶಾಟಿಗೆ ಅದನ್ನು ತೆಗೆದ ಆಪರೇಟರ ಹೆಸರನ್ನೇ ಇಡತಕ್ಕದ್ದೆಂದು ಘಟಕದ ಮೊದಲ ಸುತ್ತೋಲೆಯಲ್ಲಿ ಸೂಚಿಸಲಾಗಿತ್ತು. ಅದರಂತೆ ಹಿಂದಿನ ಆಪರೇಟರ್ ಶ್ರೀ ಸನ್ಮತಿ ಇವರು ಸನ್ಮತಿ-1ರಿಂದ ಸನ್ಮತಿ-39ರವರೆಗೆ ಮೂವತ್ತೊಂಬತ್ತು ಸ್ನ್ಯಾಪ್‌ಶಾಟ್ ತೆಗೆದು, ಮೂಡಲಗಿ ಉಪಘಟಕಕ್ಕೆ ವರ್ಗವಾಗಿ ಹೋಗಿರುತ್ತಾರೆ. ಹೋಗುವ ದಿನ, ಕೀಲಿ ಕೊಡುವಾಗ ಮನೆ ಗುಡಿಸಿ ಕೊಡಬೇಕೆಂಬ ರೂಢಿಯಂತೆ, ಯಂತ್ರದಲ್ಲಿ ಉಳಿದಿದ್ದ ಧ್ವನಿ ಕಡತಗಳನ್ನೆಲ್ಲ ಅಳಿಸಿ ಶುಚಿ ಮಾಡಿರುತ್ತಾರೆ. ಎಲ್ಲಕ್ಕೂ ಸಿಡಿ ಪ್ರತಿ ಇತ್ತು. ಘೋಡಗೇರಿಯ ಸಾತವ್ವನವರು ಹೇಳಿದ 'ಉಪ್ಪಿನ ಮನೆಯ ರಾಜಕುಮಾರಿ' ಕಥೆಯ ಸಿಡಿಯ ಮೇಲೆ ಮಾತ್ರ ಯಾರೋ ಚಹಾದ ಬಿಸಿ ಕಪ್ಪು ಇಟ್ಟಿದ್ದು, ಅದು ಈಗ ಹಾಡುವುದಿಲ್ಲ. ಸಿಡಿ ಆಯಿತೆಂದು ಆ ಕಥೆಯ ಕಡತವನ್ನು ಹದಿನೆಂಟನೆಯ ಸ್ನ್ಯಾಪ್‌ಶಾಟಿಗೆ ಮೊದಲೇ ಅಳಿಸಿದ್ದರಿಂದ, ಅದು ಇರುವುದು ಸನ್ಮತಿ-17ರಲ್ಲಿ ಮಾತ್ರ.

ಸಾತವ್ವನವರಿಗೆ ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಆದ್ದರಿಂದ ಅವರ ದನಿ ಈ ಭೂಮಿಯ ಮೇಲೆ ಇರುವ ಒಂದೇ ಜಾಗವೂ ಸನ್ಮತಿ-17 ಆಗಿರುತ್ತದೆ. ಅವರ ಸೊಸೆ ಶ್ರೀಮತಿ ಚನ್ನವ್ವ ಪ್ರತಿ ಸಂತೆಯ ದಿನ ಬಸ್ಸಿಳಿದು ನೇರ ಕಚೇರಿಗೆ ಬಂದು ವಿಚಾರಿಸುವುದನ್ನು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಯಥಾವತ್ತಾಗಿ ಬರೆದುಕೊಳ್ಳಲಾಗಿದೆ: "ನಮ್ಮ ಅತ್ತಿ ದನಿ ಅದರಾಗ ಐತಿ ಅಂತೀರಿ. ಒಳಗ ಐತಿ ಅಂದ್ರ ಹೊರಗ ತಗೀರಲ್ಲ. ಅಕಿ ಉಂಡಾಳೋ ಇಲ್ಲೋ ಕೈಸನ್ನಿ ನೋಡಿ ತಿಳಕೊಳ್ಳೂದಾಗೇತಿ. ಒಮ್ಮೆ ಅಕಿ ಬೈಯ್ದಿದ್ದರ ಕೇಳಿಸಿದ್ರೂ ಆದೀತ್ರಿ."

ಕೋಟಾ ಪೂರ್ತಿ ತುಂಬಿರುವುದರಿಂದ ಒಂದು ಕಥೆಯನ್ನು ಹೊರತೆಗೆದು ಇಡಲೂ ಯಂತ್ರದಲ್ಲಿ ಜಾಗವಿಲ್ಲ. 30ರ ಸಂಜೆಯೊಳಗೆ ಜಾಗ ಮಾಡದಿದ್ದರೆ ಗೋಕಾಕಿನ ಯಂತ್ರವು ತಾನೇ ಬಂದು ಹಳೆಯದರಿಂದ ಶುರು ಮಾಡಿ ಮೊದಲಿನ ಇಪ್ಪತ್ತನ್ನು ಅಳಿಸುವುದೆಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿತ್ತು. ಹದಿನೇಳು ಇಪ್ಪತ್ತರೊಳಗೆ ಬರುತ್ತದೆ. ಇದನ್ನು ಎರಡು ಸಲ ಎಣಿಸಿ ಖಚಿತಪಡಿಸಿಕೊಳ್ಳಲಾಗಿದೆ.

ಈಗಿನ ಆಪರೇಟರ್ ಶ್ರೀಮತಿ ತ್ರಿಶಲಾ ಇವರು ಶ್ರೀ ಸನ್ಮತಿಯವರ ಧರ್ಮಪತ್ನಿ. ಹದಿನೇಳನ್ನು ಬಿಟ್ಟು ಉಳಿದ ಮೂವತ್ತೆಂಟನ್ನೂ ಒಂದೊಂದಾಗಿ ಹೆಸರು ಟೈಪು ಮಾಡಿ ಅಳಿಸಲು ಸೂಚಿಸಿದಾಗ, ಅವರು ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ: "ಸರ, ಅವರ ಹೆಸರ ನಾ ಹ್ಯಾಂಗ ಬರೀಲ್ರಿ? ಲಗ್ನದಾಗ ಒಮ್ಮೆ ಹೇಳೇನಿ, ಅದೂ ಒಡಪ ಹಾಕಿ, ಪ್ರಾಸದ ಸಾಲಿನ್ಯಾಗ ಹೆಸರ ಹೆಣದು, ಅದೂ ಎಲ್ಲಾರೂ ಬಾಗಲಾ ಅಡ್ಡಗಟ್ಟಿದ ಮ್ಯಾಲೆ. ಈಗ ಡಿಸ್ಟ್ರಾಯ್ ಅಂತ ಬರದು ಅದರ ಬಾಜೂಕ ಅವರ ಹೆಸರ ಇಡಂತೀರಿ. ಮೂವತ್ತೆಂಟ ಸಲ! ನಮ್ಮ ಅತ್ಯಾರ ಕಿವಿಗೆ ಬಿದ್ರ ಮುಗೀತು."

ದ್ವಿತೀಯ ದರ್ಜೆ ಸಹಾಯಕರಾದ ಶ್ರೀ ವೀರಪ್ಪ ಇವರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು ಗಂಡನದಾಗುವುದಿಲ್ಲವೆಂದು ವಾದಿಸಿದ್ದನ್ನು ತಳ್ಳಿಹಾಕಲಾಗಿದೆ. ಆಗ ಅವರು ಇನ್ನೊಂದು ಉಪಾಯ ಸೂಚಿಸಿದರು. ಆ ಸಮಯದಲ್ಲಿ ಚನ್ನವ್ವನವರೂ ಹಾಜರಿದ್ದ ಕಾರಣ ನಡೆದ ಮಾತುಕತೆಯನ್ನು ನಡಾವಳಿಯಾಗಿ ದಾಖಲಿಸಲಾಗಿದೆ.

ವೀರಪ್ಪ: "ತ್ರಿಶಲಾಬಾಯಿ, ಪೂರಾ ಹೆಸರ ಯಾಕ ಬೇಕ್ರಿ? ಮೊದಲಿನ ಎರಡ ಅಕ್ಷರ ಹೊಡದು ಮುಂದ ಒಂದ ಚಿಕ್ಕಿ (*) ಹಚ್ಚರಿ. ಗೋಕಾಕದವರು ಅಳಸಾಕ ಕೊಟ್ಟಿದ್ದ ಕಮಾಂಡಿಗೆ ಅಷ್ಟ ಸಾಕು."
ತ್ರಿಶಲಾ: "ಅರ್ಧಾ ಹೆಸರ ನಡೀತದ. ಅರ್ಧಾ ಹೆಸರ ಯಾರದೂ ಅಲ್ಲ."
ಚನ್ನವ್ವ: "ಚಿಕ್ಕಿ ಹಚ್ಚಿದ್ರ ಯಾರ‍್ಯಾರು ಹೊಕ್ಕಾರ‍್ರಿ?"
ವೀರಪ್ಪ: "ಸನ್ಮತಿ ಅಂತ ಇದ್ದವರು ಎಲ್ಲಾರೂ ಹೊಕ್ಕಾರ."
ಚನ್ನವ್ವ: "ನಮ್ಮ ಅತ್ತೀನೂ?"
ವೀರಪ್ಪ: "ಅವರೂ ಅದರಾಗ ಬಂದ್ರಲ್ಲ."
ಚನ್ನವ್ವ: "ಹಂಗಾರ ಆ ಚಿಕ್ಕಿ ನಿಮ್ಮ ಹಣಿಗೆ ಹಚ್ಚಕೋರಿ. ಏ ತಂಗೀ, ಕೈ ತಗೀ ಅದರ ಮ್ಯಾಲಿಂದ!"

ಹದಿನೇಳನ್ನು 'ಹೋಲ್ಡ್' ಎಂಬ ಕಮಾಂಡಿನಿಂದ ಮೊದಲೇ ಹಿಡಿದಿಟ್ಟರೆ ಚಿಕ್ಕಿ ಹಚ್ಚಿದರೂ ಅದು ಅಳಿಯುವುದಿಲ್ಲವೆಂದು ತಾಂತ್ರಿಕ ಶಾಖೆಯು ದೂರವಾಣಿಯಲ್ಲಿ ತಿಳಿಸಿತು. ಆದರೆ ಹೋಲ್ಡ್ ಮಾಡಲು ಪೂರ್ತಿ ಹೆಸರೇ ಬೇಕು. ಅಳಿಸುವುದಕ್ಕೆ ಅರ್ಧ ಹೆಸರು ಸಾಕು, ಉಳಿಸುವುದಕ್ಕೆ ಪೂರ್ತಿ ಹೆಸರು ಬೇಕು. ಯಂತ್ರದ ಈ ಸ್ವಭಾವದ ಬಗ್ಗೆ ಇಲಾಖೆಗೆ ಯಾವುದೇ ಅಭಿಪ್ರಾಯ ಇರುವುದಿಲ್ಲ.

ಆಪರೇಟರ ಹೊರತು ಬೇರಾರೂ ಕೀಲಿಮಣೆ ಮುಟ್ಟಕೂಡದೆಂಬ ನಿಯಮವಿದೆ. ಶ್ರೀ ಸನ್ಮತಿಯವರನ್ನು ಮೂಡಲಗಿಯಿಂದ ಒಂದು ದಿನ ಕರೆಸಲು ಇಪ್ಪತ್ತೊಂದು ದಿನ ಬೇಕೆಂಬ ನಿಯಮವೂ ಇದೆ. ಉಳಿದಿದ್ದು ಎರಡು ದಿನ. ಈ ಹಂತದಲ್ಲಿ ಸಂತೆ ಮುಗಿಸಿ ಸೊಸೆಯನ್ನು ಕರೆದೊಯ್ಯಲು ಬಂದ ಶ್ರೀಮತಿ ಸೀತಾಬಾಯಿ, ಅಂದರೆ ಶ್ರೀ ಸನ್ಮತಿಯವರ ತಾಯಿ, ಎಲ್ಲವನ್ನೂ ಮೆಟ್ಟಿಲ ಮೇಲಿಂದಲೇ ಕೇಳಿಸಿಕೊಂಡು, ಘಟಕಾಧಿಕಾರಿಯವರನ್ನು ಉದ್ದೇಶಿಸಿ ನೀಡಿದ ಅಭಿಪ್ರಾಯ ಹೀಗಿದೆ: "ಏನ್ರಿ ಸಾಹೇಬರ, ನನ್ನ ಮಗನ ಹೆಸರ ಅಳಸೂದಕ್ಕ ನನ್ನ ಸೊಸಿ ಬಾಯಾಗ ಬರಬಾರದು. ಉಳಸೂದಕ್ಕ ಬಂದ್ರ ಬರಲಿ, ಯಾರ ಬ್ಯಾಡಂತಾರ? ಒಡಪ ಒಂದ ಛಲೋದ ಹಾಕಂತ ಹೇಳ್ರಿ. ಆ ಹೆಣ್ಮಗಳ ದನಿಗಿಂತ ನಮ್ಮ ರೀತಿ ದೊಡ್ಡದೇನು?"

ಇಷ್ಟು ಸ್ಪಷ್ಟವಾದ ಆದೇಶವು ಇಲಾಖೆಯ ಹತ್ತೊಂಬತ್ತು ವರ್ಷಗಳ ಇತಿಹಾಸದಲ್ಲಿ ದೊರೆತಿರುವುದಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಪತಿಯ ಹೆಸರಿರುವ ಸ್ನ್ಯಾಪ್‌ಶಾಟನ್ನು ಉಳಿಸುವ ಕಮಾಂಡಿನಲ್ಲಿ ಪೂರ್ತಿ ಹೆಸರನ್ನು ಒಡಪಿನೊಂದಿಗೆ ಬಳಸಬಹುದು. ಅಳಿಸುವ ಕಮಾಂಡಿನಲ್ಲಿ ಅರ್ಧ ಹೆಸರು ಮತ್ತು ಚಿಕ್ಕಿಯನ್ನಷ್ಟೇ ಬಳಸತಕ್ಕದ್ದು. ಅಳಿಸುವ ಮೊದಲು ಉಳಿಸುವುದನ್ನು ಮುಗಿಸಿರತಕ್ಕದ್ದು. ಅಳಿಸಿದ ಮೇಲೆ ಉಳಿಸಲು ಹೊರಟವರ ಅರ್ಜಿಗಳನ್ನು ಸ್ವೀಕರಿಸಲಾಗುವುದು, ಆದರೆ ಓದಲಾಗುವುದಿಲ್ಲ.

2. ಒಡಪನ್ನು ಕಮಾಂಡಿನ ಮೇಲಿನ ಸಾಲಿನಲ್ಲಿ # ಗುರುತು ಹಾಕಿ ಟೈಪು ಮಾಡತಕ್ಕದ್ದು. ಆ ಗುರುತು ಇರುವ ಸಾಲನ್ನು ಯಂತ್ರವು ಓದುವುದಿಲ್ಲ. ಅತ್ತೆಯಂದಿರು ಓದುತ್ತಾರೆ.

3. ಒಡಪಿಗೆ ಪ್ರಾಸ ಕಡ್ಡಾಯ. ಪ್ರಾಸವಿಲ್ಲದ ಒಡಪು ಹಾಕಿದವರಿಗೆ ಅಂದು ಅರ್ಧ ದಿನದ ರಜೆ ಹಾಕಲಾಗುವುದು. ಪ್ರಾಸ ಸಿಗುವವರೆಗೆ ಕಪ್ಪು ಪರದೆಯ ಮುಂದೆ ಕುಳಿತು ಕಿಟಕಿಯಾಚೆ ನೋಡುವ ಸಮಯವನ್ನು ಕರ್ತವ್ಯದ ಮೇಲಿದ್ದಂತೆಯೇ ಪರಿಗಣಿಸತಕ್ಕದ್ದು.

4. ಒಮ್ಮೆ ಬಳಸಿದ ಒಡಪನ್ನು ಮತ್ತೆ ಬಳಸಕೂಡದು. ಬಳಸಿದ ಒಡಪುಗಳ ಕಡತವನ್ನು ಯಂತ್ರದಲ್ಲಿ ಇಡತಕ್ಕದ್ದು, ಆ ಕಡತದ ಸ್ನ್ಯಾಪ್‌ಶಾಟನ್ನೂ ವಾರಕ್ಕೊಮ್ಮೆ ತೆಗೆಯತಕ್ಕದ್ದು. ಇದರಿಂದ ಕೋಟಾ ತುಂಬಿದಲ್ಲಿ ಕಲಂ 1ರಿಂದ ಮತ್ತೆ ಓದತಕ್ಕದ್ದು.

5. ಅವಿವಾಹಿತ ಸಿಬ್ಬಂದಿಗೆ ಒಡಪಿನಿಂದ ವಿನಾಯಿತಿ ಇದೆ. ಆದರೆ ಯಾರದೋ ಹೆಸರಿನ ಸ್ನ್ಯಾಪ್‌ಶಾಟ್ ಅಳಿಸುವಾಗ ಅವರು ಕೆನ್ನೆ ಕೆಂಪಾಗಿಸಿಕೊಂಡದ್ದು ಕಂಡುಬಂದಲ್ಲಿ, ಲಿಖಿತ ವಿವರಣೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಒಂದು ಪ್ರತಿಯನ್ನು ಸದರಿ ಹೆಸರಿನವರಿಗೆ ರವಾನಿಸಲಾಗುವುದು.

6. ಗಂಡನೊಂದಿಗೆ ಜಗಳವಾದ ದಿನ ಸಿಬ್ಬಂದಿಯು ಅಳಿಸುವ ಕಮಾಂಡನ್ನು ಬಳಸಕೂಡದು. ಜಗಳ ಆಗಿದೆಯೇ ಇಲ್ಲವೇ ಎಂಬುದನ್ನು ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಪಲ್ಯ ಇದೆಯೇ ಎಂದು ನೋಡಿ ಶ್ರೀ ವೀರಪ್ಪ ಇವರು ಪ್ರಮಾಣೀಕರಿಸತಕ್ಕದ್ದು. ಬರೀ ರೊಟ್ಟಿ ಇದ್ದಲ್ಲಿ ಜಗಳವಾಗಿದೆ ಎಂದೇ ಭಾವಿಸತಕ್ಕದ್ದು.

7. ಯಂತ್ರವು 'ಖರೆ ಅಳಸಲೇನು?' ಎಂಬರ್ಥದ ಪ್ರಶ್ನೆ ಕೇಳಿದಾಗ ಉತ್ತರಿಸುವ ಮುನ್ನ ಒಮ್ಮೆ ಉಸಿರೆಳೆದುಕೊಳ್ಳತಕ್ಕದ್ದು. ಉಸಿರು ಬಿಡುವ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

ಪಾಲನಾ ವರದಿ:

ಈ ಸುತ್ತೋಲೆಯ ಕರಡಿಗೆ ಗೋಕಾಕಿನ ಸಹಿ ಬರುವಷ್ಟರಲ್ಲಿ ಇದನ್ನು ಪಾಲಿಸಿಯೂ ಮುಗಿದಿದ್ದರಿಂದ, ವರದಿಯನ್ನು ಇದರಲ್ಲಿಯೇ ಸೇರಿಸಲಾಗಿದೆ.

30-11-2009ರಂದು ಸಂಜೆ 5-10ಕ್ಕೆ, ಸಾತವ್ವ, ಚನ್ನವ್ವ, ಸೀತಾಬಾಯಿ, ಶ್ರೀ ವೀರಪ್ಪ ಹಾಗೂ ಘಟಕಾಧಿಕಾರಿಯ ಸಮಕ್ಷಮದಲ್ಲಿ ಶ್ರೀಮತಿ ತ್ರಿಶಲಾ ಇವರು ಸೆರಗು ಸರಿಪಡಿಸಿಕೊಂಡು, # ಗುರುತು ಹಾಕಿ, ಬಾಯಿಂದಲೂ ಹೇಳುತ್ತ ಈ ಒಡಪನ್ನು ಟೈಪು ಮಾಡಿರುತ್ತಾರೆ:

ಹೊಳಿದಂಡಿ ಹೊಲದಾಗ ಹಸರ ಕಬ್ಬಿನ ಸಾಲ,
ಸನ್ಮತಿಯವರ ಹೆಸರ ಬರೀತೇನಿ, ಹದಿನೇಳ ಉಳೀಲಿ ಬಾಳ ಕಾಲ.

ಪ್ರಾಸವನ್ನು ಪರಿಶೀಲಿಸಿ ಅಂಗೀಕರಿಸಲಾಯಿತು. ಹೋಲ್ಡ್ ಕಮಾಂಡು ಕೊಡಲಾಯಿತು. ನಂತರ ಅರ್ಧ ಹೆಸರು, ಒಂದು ಚಿಕ್ಕಿ. ಒಂದು, ಎರಡು, ಮೂರು ಎಂದು ಸಾಲುಗಳು ಪರದೆಯ ಮೇಲೆ ಹರಿದು ಹೋಗತೊಡಗಿದವು. ಹದಿನಾರರ ನಂತರ ಯಂತ್ರವು ನಿಂತಿತು. ಚನ್ನವ್ವನವರು ಅತ್ತೆಯ ಕೈ ಹಿಡಿದುಕೊಂಡರು. ಹದಿನೇಳನ್ನು ಅಳಿಸಲಾಗದು, ಅದನ್ನು ಹಿಡಿದಿಡಲಾಗಿದೆ ಎಂದು ಬರೆದು ಯಂತ್ರವು ಹದಿನೆಂಟಕ್ಕೆ ಹೋಯಿತು. ಸಮಯ 5-22. ಕೋಟಾದಲ್ಲಿ ಮೂವತ್ತೊಂದು ಜಿಬಿ ತೆರವಾಗಿರುತ್ತದೆ.

ಕಥೆಯನ್ನು ಹೊರತೆಗೆದು ಕಚೇರಿಯ ಅಂಗಳದಲ್ಲಿ ಕೇಳಿಸಲಾಯಿತು. ಸಾತವ್ವನವರು ತಮ್ಮ ದನಿಯನ್ನು ಸೊಸೆಯ ಹೆಗಲಿಗೆ ಒರಗಿ ಕೇಳಿದರು. ಹೊಳೆ ಏರಿ ಬಂದು ಉಪ್ಪಿನ ಮನೆಯ ಗೋಡೆ ಕರಗಿ, ದೂರದಿಂದ ರಾಜಕುಮಾರನ ಕುದುರೆಯ ಸಪ್ಪಳ ಕೇಳಿಬಂದಾಗ ಅವರು ತಟ್ಟನೆ ನೆಟ್ಟಗೆ ಕುಳಿತು, ಬೇಡ ಬೇಡವೆಂದು ಕೈ ಬೀಸಿ, ಇಲಾಖೆಯ ಮೇಜನ್ನು ಮೂರು ಸಲ ಬಡಿದು, ಎರಡೂ ತೋಳು ಚಾಚಿ ಗಾಳಿಯಲ್ಲಿ ಈಜಿ ತೋರಿಸಿದರು. ಚನ್ನವ್ವನವರು ಇದನ್ನು ಅಲ್ಲೇ ನಿಂತು ಮಾತಿಗೆ ಇಳಿಸಿದರು: "ಅಯ್ಯ, ಆವಾಗ ತಾನ ಹೇಳಿದ ಕತಿ ತಪ್ಪೇತಂತ್ರಿ. ರಾಜಕುಮಾರ ಬರಂಗಿಲ್ಲಂತ. ಅಕೀನ ಈಜಿ ದಂಡಿ ಮುಟ್ಟತಾಳಂತ. ಮುಟ್ಟಿ, ಬಾಯಾಗಿನ ಉಪ್ಪನೀರ ಉಗುಳಿ, ಈ ಸಲ ಕಲ್ಲಿನ ಮನಿ ಕಟ್ಟತಾಳಂತ."

ಸ್ನ್ಯಾಪ್‌ಶಾಟಿನಲ್ಲಿರುವುದನ್ನು ತಿದ್ದಲು ಬರುವುದಿಲ್ಲ. ಕೈಸನ್ನೆಯನ್ನು ಧ್ವನಿಮುದ್ರಿಸುವ ಸೌಲಭ್ಯವೂ ಘಟಕದಲ್ಲಿ ಇಲ್ಲ. ಆದ್ದರಿಂದ ಸಾತವ್ವನವರ ಕೈ ನೋಡುತ್ತ ಚನ್ನವ್ವನವರು ಹೇಳಿದ ಮುಕ್ತಾಯವನ್ನು ಬೇರೆ ಕಡತವಾಗಿ ಮುದ್ರಿಸಿ, ಅಂದೇ ಹೊಸ ಸ್ನ್ಯಾಪ್‌ಶಾಟ್ ತೆಗೆದು, ನಿಯಮದಂತೆ ಅದಕ್ಕೆ ತ್ರಿಶಲಾ-1 ಎಂದು ಹೆಸರಿಡಲಾಗಿದೆ. ಮುದ್ರಣದಲ್ಲಿ ನಡುನಡುವೆ ಕೇಳಿಬರುವ ಪಟಪಟ ಸದ್ದು ಯಂತ್ರದ ದೋಷವಲ್ಲ. ಅದು ಸಾತವ್ವನವರು ಸೊಸೆಯ ತಪ್ಪು ತಿದ್ದುವಾಗಿನ ಬಳೆಗಳ ಸದ್ದು ಎಂದು ಈ ಮೂಲಕ ದೃಢೀಕರಿಸಲಾಗಿದೆ.

(ಸಹಿ)
ಗೊಮ್ಮಟೇಶ
ಘಟಕಾಧಿಕಾರಿ, ಹುಕ್ಕೇರಿ
(ಸುತ್ತೋಲೆಯನ್ನು ಓದಿ ಸಹಿ ಮಾಡಿದ್ದೇನೆ)

ಪ್ರತಿಗಳು:
1. ವೃತ್ತ ಕಚೇರಿ, ಗೋಕಾಕ: ಕಡತದಲ್ಲಿಟ್ಟು ಮರೆಯುವ ಸಲುವಾಗಿ.
2. ಶ್ರೀ ಸನ್ಮತಿ, ಮೂಡಲಗಿ ಉಪಘಟಕ: ಮುಂದೆಂದಾದರೂ ತ್ರಿಶಲಾ-1ನ್ನು ಅಳಿಸುವಂತೆ ಆದೇಶ ಬಂದಲ್ಲಿ ಏನು ಮಾಡುವಿರಿ ಎಂಬುದನ್ನು ಈಗಲೇ ತಿಳಿಸಲು.
3. ಶ್ರೀಮತಿ ಸೀತಾಬಾಯಿ: ಮುಂದಿನ ಆದೇಶಗಳಿಗಾಗಿ.
4. ಶ್ರೀಮತಿ ಚನ್ನವ್ವ, ಘೋಡಗೇರಿ: ಕಥೆ ಹೇಳುವವರ ಪಟ್ಟಿಯಲ್ಲಿ ಹೆಸರು ಸೇರಿಸಿರುವುದನ್ನು ತಿಳಿಸಲು. 'ನನಗ ಕತಿ ಬರಂಗಿಲ್ರಿ' ಎಂಬ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.
5. ಶ್ರೀಮತಿ ಸಾತವ್ವ, ಘೋಡಗೇರಿ: ಹೊಸ ಮುಕ್ತಾಯ ಕೇಳಿ, ಸರಿಯಿದ್ದರೆ ತಲೆಯಾಡಿಸಲು, ತಪ್ಪಿದ್ದರೆ ಬರುವ ಸಂತೆಗೆ ಮತ್ತೆ ಬರಲು. ಜಾಗ ಇದೆ.