ಚಿಕ್ಕಮ್ಮನ ಸೀಟು

ನಮ್ಮ ಚಿಕ್ಕಪ್ಪ ಬೈಕಿನ ಸೀಟಿನಲ್ಲಿ ಭತ್ತ ಬೆಳೆದವರು. ಹೀಗೆಂದರೆ ನೀವು ನಗುತ್ತೀರಿ, ನನಗೆ ಗೊತ್ತು. ಆದರೆ ನಾನು ಹೈಸ್ಕೂಲು ಮೇಷ್ಟ್ರು. ಇಂಥ ವಿಷಯದಲ್ಲೆಲ್ಲ ಸುಳ್ಳು ಹೇಳಿಕೊಂಡು ಕೂತರೆ ಮಕ್ಕಳಿಗೆ ಮುಖ ತೋರಿಸುವುದು ಹೇಗೆ? ನಿಜವಾಗಿಯೂ ಬೆಳೆದರು. ಪೈರು ಒಂದು ಗೇಣು ಎತ್ತರ ಬಂದಿತ್ತು. ತೆನೆ ಕಟ್ಟುವ ಮೊದಲೇ ಮೂಡಿಗೆರೆ ಸಂತೆಯಲ್ಲಿ ಒಂದು ಹಸು ಬಂದು ಸೀಟು ಮೇದುಬಿಟ್ಟಿತು, ಅದು ಬೇರೆ ಮಾತು.

ಭತ್ತ ಬೆಳೆಯುವುದು ಚಿಕ್ಕಪ್ಪನ ಉದ್ದೇಶವಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ. ಮೂಡಿಗೆರೆ ಪಕ್ಕದ ತಮ್ಮ ತೋಟದಿಂದ ಕಳಸದವರೆಗೆ ಚಿಕ್ಕಮ್ಮ ಬೆನ್ನು ನೋವಿಲ್ಲದೆ ಕೂತು ಹೋಗುವಂಥ ಒಂದು ಸೀಟು.

ಕಾರು ಮಾಡಿಕೊಂಡು ಹೋಗಬಾರದೇ ಎನ್ನುತ್ತೀರಾ? ಚಿಕ್ಕಮ್ಮನಿಗೆ ನಾಲ್ಕು ಚಕ್ರದ ಯಾವ ವಾಹನವೂ ಆಗಿಬರುವುದಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಕಳಸದ ರಸ್ತೆಯಲ್ಲಿ ತಿರುವು ಬಿಟ್ಟರೆ ಬೇರೇನಿದೆ? ಆದರೆ ಚಿಕ್ಕಮ್ಮನಿಗೆ ತಿರುವಿನ ತನಕ ಹೋಗುವುದೂ ಬೇಡ, ಕಾರಿನ ಬಾಗಿಲು ತೆಗೆದಾಗ ಬರುವ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ನಿಂಬೆಹಣ್ಣು ಮೂಸಿದರು, ಮಾತ್ರೆ ನುಂಗಿದರು, ಯಾರೋ ಹೇಳಿದರೆಂದು ಹೊಟ್ಟೆಗೆ ನ್ಯೂಸ್‌ಪೇಪರ್ ಕಟ್ಟಿಕೊಂಡರು. ನನ್ನ ಮದುವೆಗೆ ಜೀಪಿನಲ್ಲಿ ಬಂದವರು ಧಾರೆಯ ಹೊತ್ತಿಗೆ ಛತ್ರದ ಹಿಂದೆ ಬಾಳೆಗಿಡದ ಬುಡದಲ್ಲಿ ಕೂತಿದ್ದರು. ಬೈಕಿನಲ್ಲಿ ಮಾತ್ರ ಏನೂ ಆಗುವುದಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿರಬೇಕು, ಅಷ್ಟೇ. ಹಾಗಾಗಿ ಮದುವೆಯಾದಂದಿನಿಂದ ಚಿಕ್ಕಮ್ಮ ಎಲ್ಲಿ ಹೋದರೂ ಚಿಕ್ಕಪ್ಪನ ಬೈಕಿನ ಹಿಂದೆ, ಸೀರೆ ಸರಿಮಾಡಿಕೊಂಡು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು.

ಎಲ್ಲಿ ಹೋದರೂ ಎಂದೆ, ಆದರೆ ಅವರು ನಿಜವಾಗಿ ಹೋಗಬೇಕೆಂದು ಕಾಯುತ್ತಿದ್ದದ್ದು ಒಂದೇ ಕಡೆಗೆ. ಕಳಸದಲ್ಲಿರುವ ಅಕ್ಕನ ಮನೆಗೆ. ಅವರು ನನಗೆ ದೊಡ್ಡಮ್ಮ. ಪ್ರತಿ ಬೇಸಿಗೆಯಲ್ಲೂ ಮಾವಿನ ಮಿಡಿ ಬಂದ ಕೂಡಲೇ ಅಕ್ಕತಂಗಿಯರು ಸೇರಿ ಉಪ್ಪಿನಕಾಯಿ ಹಾಕಬೇಕು. ಉಪ್ಪು ಹೆಚ್ಚಾಯಿತೆಂದು ಒಬ್ಬರು, ಖಾರ ಸಾಲದೆಂದು ಇನ್ನೊಬ್ಬರು, ವಾರಗಟ್ಟಲೆ ಜಗಳವಾಡಬೇಕು. ಆ ಜಗಳ ಇಬ್ಬರಿಗೂ ವರ್ಷವಿಡೀ ಸಾಕಾಗುತ್ತಿತ್ತು.

ಹೋದ ವರ್ಷದ ಹಿಂದಿನ ಕೊಯ್ಲಿನಲ್ಲಿ ಚಿಕ್ಕಮ್ಮ ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದರು. ಬೆನ್ನಿನ ಡಿಸ್ಕು ಜರುಗಿತು. ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುವುದೇ ತಡ, ಚಿಕ್ಕಪ್ಪ ಕೇಳಿದರಂತೆ:

"ಡಾಕ್ಟ್ರೇ, ಬೈಕಲ್ಲಿ ಕೂರ್ಬಹುದಾ?"

"ಆಪರೇಷನ್ ಬೇಕಾ ಅಂತ ಕೇಳ್ತೀರಿ ಅಂದ್ಕೊಂಡಿದ್ದೆ ನಾನು."

"ಅದನ್ನ ಆಮೇಲೆ ಕೇಳ್ತೀನಿ. ಬೈಕಿಂದು ಹೇಳಿ."

"ಈ ಬೇಸಿಗೆ ಬೇಡ. ಆಮೇಲೆ ನೋವಾಗದ ಹಾಗೆ ಕೂರೋಕೆ ಆಗ್ತದೆ ಅಂದ್ರೆ ಕೂರಲಿ."

ಡಾಕ್ಟರು ಸಾಗಹಾಕಲು ಆಡಿದ ಮಾತು. ಚಿಕ್ಕಪ್ಪ ಮಾತ್ರ ಅದನ್ನು ಕೋರ್ಟಿನ ಆರ್ಡರಿನಂತೆ ತಲೆಯ ಮೇಲೆ ಹೊತ್ತುಕೊಂಡು ಬಂದರು. ಆ ಬೇಸಿಗೆ ದೊಡ್ಡಮ್ಮ ಒಬ್ಬರೇ ಮಿಡಿ ಹಾಕಿದರು. ಫೋನಿನಲ್ಲಿ ಜಗಳವಾಡಲು ನೋಡಿದರಂತೆ, ಸರಿಹೋಗಲಿಲ್ಲ. ದೊಡ್ಡಮ್ಮನೇ ಬರೋಣವೆಂದರೆ ಅವರಿಗೆ ಮಂಡಿ ನೋವು. ಒಬ್ಬರಿಗೆ ಬೆನ್ನು, ಒಬ್ಬರಿಗೆ ಮಂಡಿ, ನಡುವೆ ಅಷ್ಟುದ್ದದ ಘಾಟಿ. ಚಿಕ್ಕಮ್ಮ ಆ ವರ್ಷ ಊಟಕ್ಕೆ ಕೂತಾಗ ಉಪ್ಪಿನಕಾಯಿ ಬಡಿಸಿಕೊಳ್ಳುವುದನ್ನು ಬಿಟ್ಟರು. ಚಿಕ್ಕಪ್ಪ ಅದನ್ನು ನೋಡಿದರು. ಮಾರನೇ ದಿನವೇ ಬೈಕಿನ ಸೀಟು ಬಿಚ್ಚಿ ಅಟ್ಟಕ್ಕೆ ಎಸೆದರು.

ಮೊದಲ ಹೊಸ ಸೀಟು ಬೂರುಗದ ಹತ್ತಿಯದು. ಬೂರುಗದ ಕಾಯಿ ಒಡೆಯುವ ಕಾಲ, ಮನೆತುಂಬ ಹತ್ತಿ ಹಾರಾಡಿ ನಾಯಿ ಕೂಡ ಸೀನುತ್ತಿತ್ತು. ಮೂಡಿಗೆರೆಯ ಕುಶನ್ ಅಂಗಡಿಯವನು ಹೊಲಿದುಕೊಟ್ಟ. ನೋಡಲು ಮದುಮಕ್ಕಳ ದಿಂಬಿನ ಹಾಗಿತ್ತು. ಚಿಕ್ಕಪ್ಪ ಒಬ್ಬರೇ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬಂದರು. ಬರುವಷ್ಟರಲ್ಲಿ ಸೀಟೂ ನೀರುದೋಸೆಯಷ್ಟೇ ದಪ್ಪವಾಗಿತ್ತು.

ಎರಡನೆಯದು ಭತ್ತದ ಜೊಳ್ಳಿನದು. "ಜೊಳ್ಳು ಅಂದ್ರೆ ಸಾಮಾನ್ಯ ಅಲ್ಲ ಮಾರಾಯ. ಒತ್ತಿದ್ರೆ ತಗ್ಗುತ್ತದೆ, ಬಿಟ್ರೆ ಏಳ್ತದೆ," ಎಂದು ನನಗೆ ಪಾಠ ಮಾಡಿದರು. ಜೊಳ್ಳಿನ ನಡುವೆ ಗಟ್ಟಿ ಕಾಳೂ ಇರುತ್ತವೆಂಬುದನ್ನು ಅವರೂ ಮರೆತರು, ಮಳೆಗಾಲವೂ ಹೇಳಲಿಲ್ಲ. ಆಷಾಢದಲ್ಲಿ ಹೊಲಿಗೆಯ ಸಂದಿಯಿಂದ ಹಸಿರು ಇಣುಕಿತು. ಕಿತ್ತುಹಾಕಿ ಎಂದರೆ ಚಿಕ್ಕಪ್ಪ, "ಬೇರು ಹಿಡ್ಕೊಂಡ್ರೆ ಸೀಟು ಇನ್ನೂ ಗಟ್ಟಿ ಆಗ್ತದೆ" ಎಂದರು. ದಾರಿಯಲ್ಲಿ ಸಿಕ್ಕವರೆಲ್ಲ "ನಾಟಿ ಯಾವಾಗ?" ಎಂದು ಕೇಳತೊಡಗಿದರು. ಸಂತೆಯ ಹಸು ಆ ಪ್ರಶ್ನೆಯನ್ನು ಬಗೆಹರಿಸಿದ್ದನ್ನು ಆಗಲೇ ಹೇಳಿದೆ.

ಪ್ರತಿ ಸೀಟಿನ ಪರೀಕ್ಷೆಗೂ ಒಂದು ಕ್ರಮವಿತ್ತು. ಅಂಗಳದಲ್ಲಿ ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸುವುದು. ಚಿಕ್ಕಮ್ಮ ಸ್ಟೂಲು ಹತ್ತಿ ಅದರ ಮೇಲೆ ಕೂರುವುದು. ಸುಮ್ಮನೆ ಕೂತರೆ ಬೇಸರವಲ್ಲವೇ? ಹಾಗಾಗಿ ಕೈಗೊಂದು ಮೊರ ಅಕ್ಕಿ. ಅಕ್ಕಿ ಆರಿಸಿ ಮುಗಿಯುವವರೆಗೆ ಬೆನ್ನು ನೋಯದಿದ್ದರೆ ಸೀಟು ಪಾಸು. ನಿಂತ ಬೈಕಿನ ಮೇಲೆ ಕೂತು ಅಕ್ಕಿ ಆರಿಸುವ ಹೆಂಗಸನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ಅರ್ಧ ಮೊರ ಆಗುವಷ್ಟರಲ್ಲಿ ಚಿಕ್ಕಮ್ಮನ ಮುಖ ಕಿವುಚಿಕೊಳ್ಳುತ್ತಿತ್ತು.

"ನೋವಾ?"

"ಹೂಂ ರೀ. ಸುಳ್ಳು ಹೇಳಿದ್ರೆ ಈಗ್ಲೇ ಹೊರಡಿಸ್ತೀರಿ ನೀವು."

ಚಿಕ್ಕಪ್ಪ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಇನ್ನೊಂದು ಮಾಡೋಣ ಬಿಡು," ಎನ್ನುತ್ತಿದ್ದರು.

ಕಾಫಿ ಕೊಯ್ಲಿನ ಹೊತ್ತಿಗೆ ಅವರಿಗೆ ಹೊಸ ಜ್ಞಾನೋದಯವಾಯಿತು. ನಿಂತ ಬೈಕಿನ ಪರೀಕ್ಷೆ ಪರೀಕ್ಷೆಯೇ ಅಲ್ಲ, ಓಡುವಾಗ ನೋಡಬೇಕು. ಚಿಕ್ಕಮ್ಮನನ್ನು ಕೂರಿಸಿಕೊಂಡು ನೋಡಲು ಧೈರ್ಯವಿಲ್ಲ. ಅಂದಮೇಲೆ ಚಿಕ್ಕಮ್ಮನಷ್ಟೇ ತೂಕದ ಇನ್ನೊಬ್ಬರು ಬೇಕು! ಭಾನುವಾರ ಸಂಜೆ ಕಾಫಿ ಹಣ್ಣಿನ ತೂಕ ನಡೆಯುವಾಗ ನಾನು ಅಲ್ಲಿಗೆ ಹೋದದ್ದೇ ತಪ್ಪಾಯಿತು. ಕೊಯ್ಲಿನ ಹೆಂಗಸರು ಚೀಲ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಚಿಕ್ಕಪ್ಪ ತಕ್ಕಡಿಯ ಕೊಕ್ಕೆಗೆ ಖಾಲಿ ಗೋಣಿಚೀಲ ಕಟ್ಟಿ, "ಇದ್ರಲ್ಲಿ ಕೂರು ಮಾರಾಯ, ಒಂದು ನಿಮಿಷ" ಎಂದರು. ಹಿರಿಯರ ಮಾತು, ಕೂತೆ. ನೆಲದಿಂದ ಮೇಲೆದ್ದು ತೂಗಾಡುತ್ತಿರುವಾಗ ಸಾಲಿನಲ್ಲಿದ್ದ ಒಬ್ಬಾಕೆ ಕೇಳಿದಳು:

"ಸಾವ್ಕಾರ್ರೇ, ಇವ್ರು ಹಣ್ಣಾ, ಕಾಯಾ?"

"ಹಣ್ಣೇ. ಸರಿಯಾಗಿ ಅವಳಷ್ಟೇ ತೂಗ್ತಾನೆ," ಎಂದರು ಚಿಕ್ಕಪ್ಪ. ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಅಷ್ಟು ಅಭಿಮಾನವನ್ನು ನಾನು ಎಂದೂ ಕಂಡಿರಲಿಲ್ಲ. ನಾನು ಬಿ.ಎಡ್. ಮುಗಿಸಿದಾಗಲೂ.

ತೂಕವೊಂದೇ ಸಾಕಾಗುತ್ತದೆಯೇ? ಚಿಕ್ಕಮ್ಮ ಕೂರುವ ಹಾಗೆಯೇ ಕೂರಬೇಕು. ಹೀಗೆ, ಮೀಸೆ ಹೊತ್ತ ಗಂಡಸಾದ ನಾನು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಚಿಕ್ಕಪ್ಪನ ಹಿಂದೆ ಮೂಡಿಗೆರೆ ಪೇಟೆಯಲ್ಲಿ ಮೆರವಣಿಗೆ ಹೊರಟೆ. ಆ ಸಲದ ಸೀಟಿನೊಳಗೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬಿನ ತುಂಡಿತ್ತು. ಬಸ್‌ಸ್ಟ್ಯಾಂಡಿನ ಮುಂದಿನ ರೋಡ್ ಹಂಪಿನಲ್ಲಿ ನಾನು ಹಾರಿದೆ. ಇಳಿದಾಗ ಬೈಕು ಮುಂದೆ ಹೋಗಿತ್ತು, ನಾನು ಎಳನೀರಿನ ರಾಶಿಯ ಮೇಲಿದ್ದೆ. ಪರಿಚಯದವರೊಬ್ಬರು ಎತ್ತಿ ನಿಲ್ಲಿಸಿ, "ಸೆರಗು ಚಕ್ರಕ್ಕೆ ಸಿಕ್ತಾ ಸಾರ್?" ಎಂದು ವಿಚಾರಿಸಿದರು. ಮರುದಿನ ನಾನು ತರಗತಿಯೊಳಗೆ ಹೋದರೆ ಹಿಂದಿನ ಬೆಂಚಿನವರೆಲ್ಲ ಎರಡೂ ಕಾಲು ಒಂದೇ ಕಡೆ ಹಾಕಿ ಗಂಭೀರವಾಗಿ ಕೂತಿದ್ದರು. ಬಯ್ಯಲು ಹೋದವನು ನಕ್ಕುಬಿಟ್ಟೆ.

ಆದರೂ ಚಿಕ್ಕಪ್ಪ ಬಿಡಲಿಲ್ಲ. ತೆಂಗಿನ ನಾರು, ಕಂಬಳಿ, ಹಳೆಯ ಬಸ್ಸಿನ ಸ್ಪಂಜು, ಎಲ್ಲದರ ಮೇಲೂ ಭಾನುವಾರ ಭಾನುವಾರ ನನ್ನನ್ನು ಓರೆಯಾಗಿ ಕೂರಿಸಿ ಬಾಳೂರಿನವರೆಗೆ ಸುತ್ತಿಸಿದರು. ಈ ವರ್ಷದ ಮಿಡಿ ಬಂದಿದೆಯೆಂದು ದೊಡ್ಡಮ್ಮ ಫೋನು ಮಾಡಿದ ದಿನವೂ ಹಾಗೇ ಸುತ್ತಿ ಬಂದು ಇಳಿದೆ. ಜಗಲಿಯ ಕಡೆ ನಡೆಯುತ್ತಿದ್ದ ನನ್ನನ್ನು ಚಿಕ್ಕಮ್ಮ ದಿಟ್ಟಿಸಿ ನೋಡಿದರು.

"ಯಾಕೋ ಸೊಟ್ಟ ನಡೀತೀಯ?"

"ಅಷ್ಟು ದೂರ ಸೊಟ್ಟ ಕೂತಿದ್ನಲ್ಲ ಚಿಕ್ಕಮ್ಮ. ಸೊಂಟ ಹಿಡ್ಕೊಂಡಿದೆ."

"ನಿಂಗೂ ಇಲ್ಲೇ ನೋವಾ?" ಎಂದು ತಮ್ಮ ಬೆನ್ನಿನ ಒಂದು ಪಕ್ಕ ಮುಟ್ಟಿ ತೋರಿಸಿದರು. ಸರಿಯಾಗಿ ಅಲ್ಲೇ. ಚಿಕ್ಕಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಚಿಕ್ಕಪ್ಪನ ಪ್ಯಾಂಟು, ಚಿಕ್ಕಪ್ಪನ ತುಂಬುತೋಳಿನ ಶರ್ಟು, ಹಣೆಯಲ್ಲಿ ಕುಂಕುಮ. ಸ್ಟೂಲು ಹತ್ತಿ, ಜನ್ಮದಲ್ಲಿ ಮೊದಲ ಸಲ, ಆಚೆಗೊಂದು ಈಚೆಗೊಂದು ಕಾಲು ಹಾಕಿ ಬೈಕಿನ ಮೇಲೆ ನೆಟ್ಟಗೆ ಕೂತರು.

"ಅದು ನನ್ನ ಸೊಸೈಟಿ ಮೀಟಿಂಗಿನ ಪ್ಯಾಂಟು," ಎಂದರು ಚಿಕ್ಕಪ್ಪ. ಅವರಿಗೆ ಆ ಕ್ಷಣಕ್ಕೆ ತೋಚಿದ್ದು ಅಷ್ಟೇ.

"ಇರ್ಲಿ. ಮೊರ ಕೊಡಿ."

ಮೊರದ ಅಕ್ಕಿಯೆಲ್ಲ ಮುಗಿಯಿತು. ಇನ್ನೊಂದು ಮೊರ ತರಿಸಿಕೊಂಡರು, ಅದೂ ಮುಗಿಯಿತು. ಅಷ್ಟು ಕಾಲ ಸೀಟಿನ ಒಳಗೆ ಏನು ತುಂಬಬೇಕೆಂದು ತಲೆ ಕೆಡಿಸಿಕೊಂಡ ಒಬ್ಬ ರೈತನಿಗೂ ಒಬ್ಬ ಮೇಷ್ಟ್ರಿಗೂ ಹೆಂಗಸೊಬ್ಬಳು ನೆಟ್ಟಗೆ ಕೂರಬಹುದೆಂದು ಹೊಳೆದಿರಲಿಲ್ಲವಲ್ಲ, ಇದಕ್ಕೇನು ಹೇಳೋಣ! ಕೊನೆಗೆ ಬೈಕಿಗೆ ಹಾಕಿದ್ದು ಅಟ್ಟದ ಮೇಲೆ ಎಸೆದಿದ್ದ, ಕಂಪನಿಯವರೇ ಕೊಟ್ಟ ಹಳೆಯ ಸೀಟನ್ನು.

ಮುಂದಿನ ಭಾನುವಾರ ಬೆಳಿಗ್ಗೆ ಹೊರಟರು. ಇಬ್ಬರ ತಲೆಗೂ ಮುಖ ಮುಚ್ಚದ ಹೆಲ್ಮೆಟ್, ಚಿಕ್ಕಮ್ಮ ಅದೇ ಪ್ಯಾಂಟಿನಲ್ಲಿ, ಸೀರೆ ಚೀಲದಲ್ಲಿ. ಮಧ್ಯಾಹ್ನವಾಗುವಷ್ಟರಲ್ಲಿ ದೊಡ್ಡಮ್ಮನ ಫೋನು.

"ಇನ್ನೂ ಬರ್ಲಿಲ್ವಲ್ಲೋ ಇವ್ರು. ಫೋನೂ ಹೋಗ್ತಿಲ್ಲ."

ನಾನು ನನ್ನ ಬೈಕು ಹತ್ತಿ ಹೊರಟೆ. ಒಂದೊಂದು ತಿರುವಿನಲ್ಲೂ ಕೆಳಗಿನ ತೋಟಗಳನ್ನು ಇಣುಕಿ ನೋಡುತ್ತಾ ಹೋದೆ. ಬಾಳೂರಿನ ಚಹಾದಂಗಡಿಯಲ್ಲಿ ಕೇಳಿದರೆ, "ಹೋದ್ರು ಸಾರ್. ನಡ್ಕೊಂಡು ಹೋಗೋರೇ ಅವರನ್ನ ದಾಟಿ ಹೋಗ್ತಿದ್ರು" ಎಂದರು. ಕಳಸದ ಹತ್ತಿರ ದೊಡ್ಡಮ್ಮನ ಮನೆ ರಸ್ತೆಯ ಪಕ್ಕದಲ್ಲೇ ಇದೆ. ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊಡ್ಡಮ್ಮನಿಗೆ ಅಳು ಬಾಯಿಗೆ ಬಂದಿತ್ತು. ದೊಡ್ಡಮ್ಮ ಊಟ ಮಾಡಲು ಒಳಗೆ ಹೋಗಿದ್ದಾಗ ಒಂದು ಬೈಕು ಮೆಲ್ಲಗೆ ಕುದುರೆಮುಖದ ಕಡೆ ಹೋಯಿತೆಂದು ಪಕ್ಕದ ಮನೆಯವರು ಹೇಳಿದರು. ನಾನೂ ಅತ್ತ ಹೊರಟೆ.

ಸ್ವಲ್ಪ ದೂರದಲ್ಲೇ ಸಿಕ್ಕರು. ಎದುರಿನಿಂದ ಬರುತ್ತಿದ್ದರು, ವಾಪಸು. ಎರಡನೇ ಗೇರಿನಲ್ಲಿ ಬೈಕು ತೆವಳುತ್ತಿತ್ತು. ಚಿಕ್ಕಪ್ಪನ ಬಲಗೈ ಹ್ಯಾಂಡಲಿನ ಮೇಲೆ. ಎಡಗೈ ಮಾತ್ರ ತಮ್ಮ ಸೊಂಟವನ್ನು ಬಳಸಿದ್ದ ಚಿಕ್ಕಮ್ಮನ ಎರಡೂ ಕೈಗಳನ್ನು ಭದ್ರವಾಗಿ ಹಿಡಿದಿತ್ತು. ಹಾರ್ನ್ ಒತ್ತಲು ಹೋದ ನನ್ನನ್ನು ಕಣ್ಣಿನಲ್ಲೇ ಗದರಿಸಿದರು. ನಾನು ಬೈಕು ತಿರುಗಿಸಿಕೊಂಡು ಅವರ ಪಕ್ಕಕ್ಕೆ ಬಂದೆ.

"ಮಲ್ಗಿದ್ದಾಳೆ," ಎಂದರು ಪಿಸುದನಿಯಲ್ಲಿ.

ಚಿಕ್ಕಮ್ಮ ಗಂಡನ ಬೆನ್ನಿಗೆ ಹೆಲ್ಮೆಟ್ಟಿನ ತಲೆಯೊರಗಿಸಿ, ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ ನಿದ್ದೆಹೋಗಿದ್ದರು.

"ಬಿದ್ದಾಗಿಂದ ಒಂದು ದಿನ ಹೀಗೆ ಮಲ್ಗಿಲ್ಲ ಮಾರಾಯ. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾಳೆ. ನಾನೂ ಎದ್ದಿರ್ತೀನಿ ಅಂತ ಅವಳಿಗೆ ಗೊತ್ತಿಲ್ಲ. ನಿಲ್ಸಿದ್ರೆ ಎಚ್ಚರ ಆಗ್ತದೆ. ಅದ್ಕೇ ಹೋಗ್ತಾ ಇದ್ದೀನಿ."

"ಪೆಟ್ರೋಲು?"

"ರಿಸರ್ವಿಗೆ ಬಂದಿದೆ."

ನನಗೆ ನಗು ಬರಲಿಲ್ಲ. ಇಬ್ಬರೂ ಜೊತೆಜೊತೆಯಾಗಿ ಹಾಗೇ ತೆವಳುತ್ತಾ ದೊಡ್ಡಮ್ಮನ ಮನೆಯ ಮುಂದೆ ಬಂದೆವು. ದೊಡ್ಡಮ್ಮ ಗೇಟು ಹಿಡಿದುಕೊಂಡು ಎದ್ದು ನಿಂತರು. ಎರಡು ಬೇಸಿಗೆ ಕಾದಿದ್ದ ಸಿಟ್ಟೆಲ್ಲ ಮುಖದ ಮೇಲಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ತಂಗಿಯ ಮುಖ ನೋಡಿದರು.

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು. ಆಮೇಲೆ ಇನ್ನೊಂದು ಕೈಯನ್ನು ಬಾಳೆಹೊಳೆಯ ರಸ್ತೆಯ ಕಡೆ ಬೀಸಿ, ಕೇಳಿಯೂ ಕೇಳದಷ್ಟು ಮೆಲ್ಲಗೆ ಹೇಳಿದರು:

"ಹೋಗಿ, ಇನ್ನೊಂದು ಸುತ್ತು ಹಾಕ್ಕೊಂಡು ಬನ್ನಿ."